ಪಾಪ ಸಾಲದ ಟೈಲರು

ಸುವಾರ್ತೆ ಸಾರಲು ಹೊರಟ ನಮ್ಮ ವ್ಯಾನಿನಲ್ಲಿ ಪಾಪವನ್ನೇ ಮಾಡದವನೆಂದರೆ ಟೈಲರು ಒಬ್ಬನೇ. ಸೊಳ್ಳೆ ಕೂಡ ಅವನನ್ನು ಕಚ್ಚಿ ಕ್ಷಮೆ ಕೇಳಿ ಹೋಗುತ್ತಿತ್ತು, ಕಣ್ಣಾರೆ ಕಂಡಿದ್ದೇನೆ. ನಾಟಕದ ನಿಲುವಂಗಿ ಹೊಲಿಯಲು ಬಂದವನು ಅವನು. ಆದರೆ ದೇವರು ತನ್ನ ಬಾಳು ಹೇಗೆ ಬದಲಿಸಿದನೆಂದು ಸಭೆಯಲ್ಲಿ ಸಾಕ್ಷಿ ಹೇಳಬೇಕಿದ್ದವನ ಗಂಟಲು ಕಟ್ಟಿ, ಅದು ಇವನ ಕುತ್ತಿಗೆಗೆ ಬಂತು.

"ಹಾಸ್ಟೆಲ್ ಹುಡುಗರ ಮುಂದೆ ಇವತ್ತೊಂದು ಸಲ ಹೇಳಿಬಿಡು. ಆಮೇಲೆ ಪ್ರವಾಸ ಮುಗಿಯೋವರೆಗೂ ನಿನ್ನ ಮೈಕಿನ ಹತ್ರ ಕರೆಯಲ್ಲ," ಎಂದರು ಪಾಸ್ಟರು.

ಮೈಕು ಕಂಡರೆ ಹಾವು ಕಂಡಂತೆ ಬೆವರುವ ಟೈಲರಿಗೆ ಇದಕ್ಕಿಂತ ದೊಡ್ಡ ವರ ಬೇಕೆ? ಆದರೆ ಹೇಳುವುದೇನು?

"ಮೊದಲು ಕೆಟ್ಟಿರಬೇಕು ಕಣೋ, ಆಮೇಲೆ ದೇವರು ತಿದ್ದಿರಬೇಕು. ನೀನೇನು ಕೆಟ್ಟಿದ್ದೆ?" ಎಂದಳು ತಂಡದ ಹಾಡುಗಾರ್ತಿ.

"ಒಂದ್ಸಲ ಗುಂಡಿ ಅಡ್ಡ ಹೊಲಿದಿದ್ದೆ ಅಕ್ಕ."

"ಅಯ್ಯೋ, ಇದಕ್ಕೆ ಯಾರು ಕಿವಿ ಕೊಡ್ತಾರೆ? ಸ್ವಲ್ಪ ಉಪ್ಪು ಖಾರ ಹಾಕು."

ಹಾಸ್ಟೆಲಿನ ಸಭೆಯಲ್ಲಿ ಹಾಕಿಯೇಬಿಟ್ಟ. ಯೇಸು ಸಿಗುವ ಮೊದಲು ತಾನು ಮುಟ್ಟಿದ ಬೀಗವೆಲ್ಲ ನಾಚಿ ತೆರೆದುಕೊಳ್ಳುತ್ತಿತ್ತು ಎಂದುಬಿಟ್ಟ. ಮೊಬೈಲಿಗೆ ಬಗ್ಗಿದ್ದ ಕತ್ತುಗಳೆಲ್ಲ ಸೂರ್ಯಕಾಂತಿಯಂತೆ ತಿರುಗಿದವು. ಚಪ್ಪಾಳೆಗೆ ಛಾವಣಿ ಎರಡಡಿ ಎದ್ದು ಕೂತಿತು.

ಕೊನೆಯ ಹಾಡಿಗೆ ಗಿಟಾರ್ ಬೇಕಿತ್ತು. "ಅಣ್ಣ, ಅದು ಕಪಾಟಲ್ಲಿದೆ, ಕೀ ಕಳೆದುಹೋಗಿದೆ. ಹೇಗೂ ನೀವಿದ್ದೀರಲ್ಲ," ಎಂದರು ಹುಡುಗರು.

ಆಗಲ್ಲ ಎಂದರೆ ಬಣ್ಣ ಬಯಲು. ಟೈಲರು ಮಂಡಿಯೂರಿ ಬೀಗಕ್ಕೆ ಸೂಜಿ ತೂರಿಸಿದ, ಮುರಿಯಿತು. ಕತ್ತರಿ ತೂರಿಸಿದ, ಸಿಕ್ಕಿಕೊಂಡಿತು. ಅಷ್ಟರಲ್ಲಿ ವಾರ್ಡನಮ್ಮ ಬಂದರು. ತಂಡಕ್ಕೆ ಊಟ, ವಸತಿ ಅವರ ಮನೆಯಲ್ಲೇ.

"ಕಳ್ಳತನ ಬಿಟ್ಟುಬಿಟ್ಟೆ ಅಂದೆಯಲ್ಲಪ್ಪ? ತಾಳು, ಮನೆಗೆ ಹೋಗಿ ಚಮಚ ಎಣಿಸಿಟ್ಟು ಬರ್ತೀನಿ."

ಟೈಲರು ಹಾವನ್ನೂ ಮರೆತು ಮೈಕು ಹಿಡಿದು ಗೊಳೋ ಎಂದ. "ನಾನು ಕಳ್ಳ ಅಲ್ಲ, ಒಂದೆಳೆ ದಾರ ಕದ್ದಿಲ್ಲ. ನಿಮ್ಮನ್ನ ಮೆಚ್ಚಿಸೋಕೆ ಸುಳ್ಳು ಹೇಳಿದೆ. ದೇವರೂ ನೀವೂ ಕ್ಷಮಿಸಬೇಕು."

ಹಿಂದಿನ ಸಾಲಿನ ಪೋಕರಿಯೊಬ್ಬ ಮೂಗೊರೆಸಿಕೊಂಡು ಎದ್ದ. "ಕೀ ಕಳೆದಿಲ್ಲ. ತಮಾಷೆಗೆ ನಾನೇ ಬಚ್ಚಿಟ್ಟಿದ್ದೆ," ಎಂದು ಅದನ್ನು ವಾರ್ಡನಮ್ಮನ ಕೈಗಿಟ್ಟ.

ಪಾಸ್ಟರು ಓಡಿಬಂದು ಟೈಲರನ್ನು ತಬ್ಬಿಕೊಂಡರು. "ಇದು ಕಣಪ್ಪ ನಿಜವಾದ ಸಾಕ್ಷಿ. ಈಗ ನಿನಗೂ ಒಂದು ಪಾಪ ಸಿಕ್ತು. ಇನ್ನು ಎಲ್ಲಾ ಊರಲ್ಲೂ ನೀನೇ ಮಾತಾಡು."

ಟೈಲರು ದೀನನಾಗಿ ವಾರ್ಡನಮ್ಮನತ್ತ ತಿರುಗಿದ. "ನೀವಾದ್ರೂ ನಂಬಿದ್ರಲ್ಲ ಅಮ್ಮ?"

"ಸುಳ್ಳು ಹೇಳ್ತೀಯ ಅನ್ನೋದನ್ನ ಪೂರ್ತಿ ನಂಬಿದೆ ಕಣಪ್ಪ," ಎಂದರು ವಾರ್ಡನಮ್ಮ. "ಮೊದಲು ಹೇಳಿದ್ದು ಸುಳ್ಳೋ, ಆಮೇಲೆ ಹೇಳಿದ್ದು ಸುಳ್ಳೋ ಗೊತ್ತಾಗೋವರೆಗೂ ಚಮಚ ನನ್ನ ದಿಂಬಿನ ಕೆಳಗೇ ಇರ್ಲಿ. ಇವತ್ತು ಎಲ್ಲರೂ ಕೈಯಲ್ಲೇ ಊಟ ಮಾಡಿ."