ತೊಳೆಗೆ ಇಂಗ್ಲಿಷಿನಲ್ಲಿ ಏನು?

ದೋಸೆಯ ಕೊನೆಯ ತುತ್ತಿಗೆ ಭೂಮಿಕಾಗೆ ನೆನಪಾಯಿತು. "ಪಪ್ಪಾ, ಇವತ್ತು ಹನ್ನೊಂದಕ್ಕೆ ನೀನು ನಮ್ ಕ್ಲಾಸಿಗೆ ಬರ್ಬೇಕು. ಒಂದು ಹಣ್ಣು ತಂದು ಅದ್ರ ಪಾರ್ಟ್ಸೆಲ್ಲ ಇಂಗ್ಲಿಷಲ್ಲಿ ಹೇಳ್ಬೇಕಂತೆ."

ಗುರುಪ್ರಕಾಶ ಬಾಯಿಗೆತ್ತಿದ್ದ ತುತ್ತನ್ನು ತಟ್ಟೆಗೇ ವಾಪಸಿಟ್ಟ. ತನಗೆ ಬಾರದ ಇಂಗ್ಲಿಷೇ ಇಲ್ಲವೆಂದು ಮಗಳನ್ನು ನಂಬಿಸಿದವನು ಅವನೇ. ಹಾಗೆ ನಂಬಿದವಳು ಇಡೀ ಬಟವಾಡಿ ಬಡಾವಣೆಯಲ್ಲಿ ಅವಳೊಬ್ಬಳೇ. ಇದ್ದ ಒಬ್ಬ ಅಭಿಮಾನಿಯನ್ನೂ ಕಳೆದುಕೊಳ್ಳುವುದು ಅವನಿಗೆ ಬೇಡವಾಗಿತ್ತು.

"ಬಾಳೆಹಣ್ಣು ತರ್ತೀನಿ ಬಿಡು."

"ಊಹೂಂ. ಚೇಳೂರಿಂದ ತಾತ ಕಳ್ಸಿರೋ ಹಲಸಿನಹಣ್ಣೇ ಬೇಕು."

ಕೈಗೆ ಎಣ್ಣೆ ಸವರಿ ಹಣ್ಣು ಬಿಡಿಸುತ್ತ ಅವನು ಲೆಕ್ಕ ಹಾಕಿದ. ಸಿಪ್ಪೆಗೆ ಪೀಲ್, ಬೀಜಕ್ಕೆ ಸೀಡ್, ತೊಟ್ಟಿಗೆ ಸ್ಟಾಕ್. ತೊಳೆಗೆ? ತೊಳೆಯೊಂದನ್ನು ಹಿಡಿದುಕೊಂಡು ಹಾಗೇ ಕುಳಿತ.

ವಾಸನೆಗೆ ಪಕ್ಕದ ಮನೆಯ ನರಸಿಂಹಮ್ಮ ಬಂದರು. "ತೊಳೆ ಅಂದ್ರೆ ವಾಶು ಕಣಪ್ಪ, ನಮ್ ಮಿಷಿನ್ ಮೇಲೇ ಬರ್ದವ್ರೆ. ಹಸಿದು ಹಲಸು ಅಂತಾರೆ, ನಂದಿನ್ನೂ ತಿಂಡಿ ಆಗಿಲ್ಲ," ಎಂದು ಆರು ತೊಳೆ ತಿಂದು, ಬೀಜಗಳನ್ನು ಸಾರಿಗೆಂದು ಸೆರಗಿಗೆ ಕಟ್ಟಿಕೊಂಡರು. ಮೊಬೈಲನ್ನು ಕೇಳಿದರೆ ಅದೂ ವಾಶ್ ಎಂದಿತು.

ಮಹಡಿಯಿಂದ ಇಳಿದು ಬಂದ ರಿಟೈರ್ಡ್ ಲೈನ್‌ಮನ್ ಲಕ್ಷ್ಮೀಕಾಂತ್ ಇಣುಕಿ ನೋಡಿ, "ಅದಕ್ಕೆ ಬಲ್ಬು ಅಂತಾರೆ ಸಾರ್," ಎಂದರು.

ಗುರುಪ್ರಕಾಶನಿಗೆ ನಗು ತಡೆಯಲಾಗಲಿಲ್ಲ. "ಮೂವತ್ತು ವರ್ಷ ಕಂಬ ಹತ್ತಿದ್ರೆ ಕಂಡಿದ್ದೆಲ್ಲ ಬಲ್ಬೇ. ಇದರ ಸ್ವಿಚ್ ಎಲ್ಲಿದೆ ಲಕ್ಷ್ಮೀಕಾಂತಣ್ಣ?"

"ನಿಮ್ಮಿಷ್ಟ ಬುಡಿ ಸಾರ್," ಎಂದು ಅವರು ಹಾಲು ತರಲು ಹೋದರು.

ಕ್ಲಾಸಿನಲ್ಲಿ ಪೀಲ್, ಸೀಡ್, ಸ್ಟಾಕ್ ಸಲೀಸಾಗಿ ದಾಟಿದವು. ಆಗ ಭೂಮಿಕಾ ಹೆಮ್ಮೆಯಿಂದ ಒಂದು ತೊಳೆ ಎತ್ತಿ ಹಿಡಿದಳು. "ಪಪ್ಪಾ, ಇದು?"

ಬೆವರಿದ ಗುರುಪ್ರಕಾಶನ ಬಾಯಿಂದ "ವಾಶ್" ಜಾರಿತು.

"ವೆರಿ ಗುಡ್ ಸರ್," ಎಂದರು ಟೀಚರ್ ಸಂಧ್ಯಾ. "ತಿನ್ನೋಕೆ ಮುಂಚೆ ಎಲ್ಲಾರೂ ಕೈ ತೊಳ್ಕೊಂಡು ಬನ್ನಿ."

ನಲವತ್ತು ಮಕ್ಕಳೂ ನಲ್ಲಿಗೆ ಓಡಿದವು. ಗುರುಪ್ರಕಾಶ ಮನಸ್ಸಿನಲ್ಲೇ ಕ್ಯಾತ್ಸಂದ್ರದ ಮಠದ ಕಡೆ ತಿರುಗಿ ಕೈಮುಗಿದ. ಅಷ್ಟಕ್ಕೇ ಬಾಯಿ ಮುಚ್ಚಿದ್ದರೆ ಆಗುತ್ತಿತ್ತು. ಗೆದ್ದ ಹುರುಪು ಬಿಡಬೇಕಲ್ಲ.

"ನಮ್ ಮಹಡೀಲಿ ಒಬ್ರು ಲೈನ್‌ಮನ್ ಇದಾರೆ ಮೇಡಂ. ತೊಳೆಗೆ ಬಲ್ಬು ಅಂತಾರೆ," ಎಂದು ನಕ್ಕ.

ಸಂಧ್ಯಾ ನಗಲಿಲ್ಲ. ಪುಸ್ತಕ ತೆರೆದು ಹಲಸಿನ ಚಿತ್ರದ ಮೇಲೆ ಬೆರಳಿಟ್ಟರು. "ಸರಿಯಾಗೇ ಹೇಳಿದಾರೆ ಸರ್. ಬಲ್ಬೇ."

ಎಲ್ಲರಿಗಿಂತ ಮೊದಲು ಕೈ ತೊಳೆದು ಬಂದಿದ್ದ ಭೂಮಿಕಾ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. ಅವನ ಕಡೆ ನೋಡದೆ ತನ್ನ ಬೆಂಚಿಗೆ ಹೋಗಿ ಕೂತಳು. ಅವನಿಗೆ ಅದೇ ಹೆಚ್ಚು ಚುಚ್ಚಿತು.

ಸಂಜೆ ಅವಳು ಇಂಗ್ಲಿಷ್ ಪುಸ್ತಕ ಹಿಡಿದು ಮಹಡಿ ಮೆಟ್ಟಿಲು ಹತ್ತುತ್ತ ಅರ್ಧದಲ್ಲಿ ತಿರುಗಿದಳು. "ನೀನೂ ಬಾ ಪಪ್ಪಾ. ಮಹಡಿ ತಾತ ಇಬ್ರಿಗೂ ಹೇಳ್ಕೊಡ್ತಾರಂತೆ. ನೀನು ವಾಶ್ ಅಂದಿದ್ದು ನಾನು ಹೇಳಲ್ಲ."

ಗುರುಪ್ರಕಾಶ ಅವಳ ಪೆನ್ಸಿಲನ್ನೇ ಜೇಬಿಗೆ ಸಿಕ್ಕಿಸಿಕೊಂಡು ಹಿಂದೆ ನಡೆದ. ಬಾಗಿಲಲ್ಲಿ ಲಕ್ಷ್ಮೀಕಾಂತ್ ಕಾಯುತ್ತಿದ್ದರು.

"ಬನ್ನಿ ಸಾರ್," ಎಂದು ಗೋಡೆಗೆ ಕೈ ಚಾಚಿ ದೀಪ ಹಾಕಿದರು. "ಸ್ವಿಚ್ಚು ಇಲ್ಲಿದೆ."