ಕೌದಿ ಹೊದ್ದ ಓವನ್ನು

ನಮ್ಮ ಷಡ್ಡಕನ ಅಂಗಿಯ ಜೇಬಿನಲ್ಲಿ ಪೆನ್ನು ಇರುವುದಿಲ್ಲ, ಥರ್ಮಾಮೀಟರ್ ಇರುತ್ತದೆ. ಹಾಗಂತ ಅವನು ಡಾಕ್ಟರಲ್ಲ, ಕಂಪೌಂಡರೂ ಅಲ್ಲ. ಚಹಾ ಕೊಟ್ಟರೆ ಕಪ್ಪಿನಲ್ಲಿ ಅದ್ದಿ ನೋಡುತ್ತಾನೆ. ಸ್ನಾನದ ನೀರು ತೋಡಿಕೊಂಡರೆ ಬಕೆಟ್ಟಿನಲ್ಲಿ ಅದ್ದಿ ನೋಡುತ್ತಾನೆ. ಎರಡಕ್ಕೂ ಒಂದೇ ಥರ್ಮಾಮೀಟರ್! ಯಾವುದು ಮೊದಲು, ಯಾವುದು ಆಮೇಲೆ ಎಂದು ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ. ಒಮ್ಮೆ ನಮ್ಮ ಮನೆಯಲ್ಲಿ ಮಜ್ಜಿಗೆಗೂ ಅದ್ದಿ, "ತಂಪ ಐತ್ರಿ" ಎಂದು ವರದಿ ಒಪ್ಪಿಸಿದ. ಮಜ್ಜಿಗೆ ತಂಪಾಗಿರದೆ ಕುದಿಯುತ್ತಿರುತ್ತದೆಯೇ? ಇಂಥವನನ್ನು ಕಂಡರೆ ಯಾರಿಗಾದರೂ ನಗು ಬರಬೇಕು. ನನಗೆ ಮಾತ್ರ ಹೊಟ್ಟೆಕಿಚ್ಚು ಬರುತ್ತದೆ. ಅದರ ಕಾವು ಎಷ್ಟೆಂದು ಅವನ ಥರ್ಮಾಮೀಟರ್ ಕೂಡ ಹೇಳಲಾರದು.

ಷಡ್ಡಕ ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ. ತಿಕೋಟಾದಲ್ಲಿ ದ್ರಾಕ್ಷಿ ಒಣಗಿಸುವ ಶೆಡ್ಡೊಂದರ ಮೇಲ್ವಿಚಾರಕ. ಹಸಿ ದ್ರಾಕ್ಷಿಯನ್ನು ಬಲೆಯ ಮೇಲೆ ಹರಡಿಸಿ, ಗಾಳಿ ಎಷ್ಟು ಬಿಸಿಯಾಯಿತು, ಕಾಯಿ ಎಷ್ಟು ಮುದುಡಿತು ಎಂದು ನೋಡುತ್ತ ದಿನಗಟ್ಟಲೆ ಕಾಯುವುದೇ ಅವನ ಉದ್ಯೋಗ. ನಾನು ಬಬಲೇಶ್ವರದ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಮನೆ ವಿಜಯಪುರದ ಜೋರಾಪುರ ಪೇಟೆಯಲ್ಲಿ. ನಮ್ಮ ಅತ್ತೆ ಕಿರಿಯ ಮಗಳ ಜೊತೆ ತಿಕೋಟಾದಲ್ಲೇ ಇರುತ್ತಾರೆ. ಭಾನುವಾರ ಬೆಳಿಗ್ಗೆ ಬುದ್ಧ ವಿಹಾರದಲ್ಲಿ ವಂದನೆ ಮುಗಿಸಿ, ನಾನೂ ನನ್ನ ಹೆಂಡತಿಯೂ ಬಸ್ಸು ಹತ್ತಿ ಅಲ್ಲಿಗೆ ಊಟಕ್ಕೆ ಹೋಗುವುದು ಹನ್ನೆರಡು ವರ್ಷದ ರೂಢಿ. ಮನಸ್ಸಿನಲ್ಲಿ ಮತ್ಸರ ಇಟ್ಟುಕೊಳ್ಳಬಾರದು ಎಂದು ವಿಹಾರದಲ್ಲಿ ಕೇಳಿಸಿಕೊಂಡದ್ದು ತಿಕೋಟಾ ಬಸ್ಸು ಊರು ದಾಟುವವರೆಗೂ ನನಗೆ ನೆನಪಿರುತ್ತದೆ.

ಆ ಮನೆಯಲ್ಲಿ ನನಗೊಂದು ಸ್ಥಾನವಿತ್ತು. ಇತ್ತು ಎಂದು ಬರೆಯುವಾಗಲೇ ಕರುಳು ಚುರ್ ಎನ್ನುತ್ತದೆ, ನೋಡಿ! ಮಟನ್ ಮಾಡಿದ ದಿನ ನಳ್ಳಿ ಎಲುಬು, ಅಂದರೆ ಒಳಗೆ ಮಜ್ಜೆ ತುಂಬಿದ ಆ ದುಂಡನೆಯ ಎಲುಬು, ಹಿರಿಯ ಅಳಿಯನ ತಟ್ಟೆಗೇ ಬೀಳಬೇಕು. ಇದು ಅತ್ತೆಯ ಕಾನೂನು. ನಾನು ಅದನ್ನು ದವಡೆಗೆ ಸಿಕ್ಕಿಸಿ ಕಟ್ ಎನ್ನಿಸಿದರೆ ಇಡೀ ಪಡಸಾಲೆ ತಿರುಗಿ ನೋಡುತ್ತಿತ್ತು. "ಹಲ್ಲಂದ್ರ ನಮ್ಮ ದೊಡ್ಡ ಅಳಿಯಾರ ಹಲ್ಲು ಬೇ!" ಎಂದು ಅತ್ತೆ ನೆರೆಮನೆಯವರಿಗೆಲ್ಲ ಹೇಳುತ್ತಿದ್ದರು. ಮೂವತ್ತು ವರ್ಷ ಮಕ್ಕಳಿಗೆ ಗಣಿತ ಕಲಿಸಿದ್ದಕ್ಕೆ ಸಿಗದ ಗೌರವ ನನಗೆ ಒಂದು ಎಲುಬಿನಿಂದ ಸಿಕ್ಕಿತ್ತು.

ಈಗ ಒಂದು ಗುಟ್ಟು. ಹೋದ ಬೇಸಿಗೆ ರಜೆಯಲ್ಲಿ, ಹೆಂಡತಿ ತವರಿಗೆ ಹೋಗಿದ್ದ ವಾರ ನೋಡಿ, ನಾನು ದವಡೆ ಹಲ್ಲು ಕೀಳಿಸಿಕೊಂಡೆ. ಎಡಕ್ಕೆರಡು, ಬಲಕ್ಕೆರಡು. ಯಾರಿಗೂ ಹೇಳಲಿಲ್ಲ. ಹೇಗೆ ಹೇಳಲಿ? ಪೈಲ್ವಾನನೊಬ್ಬ ತನ್ನ ತೋಳು ಸೋತಿತೆಂದು ಡಂಗುರ ಸಾರುತ್ತಾನೆಯೇ? ಮುಂದಿನ ಭಾನುವಾರ ತಿಕೋಟಾದಲ್ಲಿ ನಳ್ಳಿ ಎಂದಿನಂತೆ ನನ್ನ ತಟ್ಟೆಗೆ ಬಂತು, ಜೊತೆಗೆ ನಾಲ್ಕು ಗಟ್ಟಿ ತುಂಡು. ಎಲ್ಲರೂ ಮಾತಿನಲ್ಲಿದ್ದಾಗ ಅಷ್ಟನ್ನೂ ಕರ್ಚೀಫಿನಲ್ಲಿ ಸುತ್ತಿ ಹಿಂದಿದ್ದ ಕಿಟಕಿಯ ಮೂಲೆಗೆ ತಳ್ಳಿದೆ. ಹೋಗುವಾಗ ತೆಗೆದುಕೊಂಡು ಎಲ್ಲಾದರೂ ಎಸೆದರಾಯಿತು ಅಂದುಕೊಂಡಿದ್ದೆ. ಬಸ್ಸಿನ ಗಡಿಬಿಡಿಯಲ್ಲಿ ಮರೆತೇಬಿಟ್ಟೆ. ಬೆಕ್ಕು ಗಿಕ್ಕು ಒಯ್ದಿರಬೇಕೆಂದು ಸಮಾಧಾನ ಮಾಡಿಕೊಂಡೆ. ಹೆಂಡತಿ ಮೂಲೆಯಲ್ಲಿ ನೀಲಿ ದಾರದ ಹೂವು ಹಾಕಿಕೊಟ್ಟಿದ್ದ ಕರ್ಚೀಫು ಅದು.

ಇದಾಗಿ ಹದಿನೈದು ದಿನಕ್ಕೆ ನಮ್ಮ ಷಡ್ಡಕನಿಗೆ ಓವನ್ನಿನ ಹುಚ್ಚು ಹಿಡಿಯಿತು. ಫೋನಿನಲ್ಲಿ ಯಾವುದೋ ವಿಡಿಯೋ ನೋಡಿದ್ದನಂತೆ. ಹಂದಿಯ ಪಕ್ಕೆಲುಬನ್ನು ಬಾರ್ಬಿಕ್ಯೂ ಮಾಡಿ, ಎರಡು ಬೆರಳಿನಿಂದ ಎಳೆದರೆ ಎಲುಬು ಬರಿದಾಗಿ ಈಚೆ ಬರುತ್ತದಂತೆ. "ಓವನ್ ತಗೋಬೇಕ್ರಿ ಅಣ್ಣಾರ, ನೀವೂ ಬರ್ರಿ" ಎಂದು ನನ್ನನ್ನೂ ಸ್ಟೇಷನ್ ರಸ್ತೆಗೆ ಎಳೆದುಕೊಂಡು ಹೋದ. ಅಂಗಡಿಯೊಳಗೆ ಚೀಲದಿಂದ ರಟ್ಟಿನ ತುಂಡೊಂದನ್ನು ತೆಗೆದ. ಪಕ್ಕೆಲುಬಿನ ಆಕಾರಕ್ಕೇ ಕತ್ತರಿಸಿ ತಂದಿದ್ದಾನೆ! ಒಂದೊಂದೇ ಓವನ್ನಿನ ಬಾಗಿಲು ತೆಗೆದು ರಟ್ಟನ್ನು ಒಳಗಿಟ್ಟು ನೋಡತೊಡಗಿದ. ಅಂಗಡಿಯವರು ಪಾಪ, ಮರ್ಯಾದಸ್ಥರು.

"ಕೇಕ್ ಮಾಡ್ತೀರೇನ್ರಿ ಸರ?"

"ಇಲ್ರಿ. ಪಕ್ಕೆಲಬು."

"ಯಾರ್ದ್ರಿ?" ಎಂದು ಅವರು ನನ್ನ ಕಡೆ ನೋಡಿದರು.

ನಾನು ಫ್ಯಾನು ಕೊಳ್ಳಲು ಬಂದ ಬೇರೆ ಯಾರೋ ಗಿರಾಕಿಯಂತೆ ಮೇಲೆ ನೋಡುತ್ತ ನಿಂತುಬಿಟ್ಟೆ.

ಮೊದಲ ಪ್ರಯೋಗದ ದಿನ ನನ್ನ ಜೀವನದ ಸುದಿನಗಳಲ್ಲೊಂದು. ಪುಣ್ಯಾತ್ಮ ಓವನ್ನಿನ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿಬಿಟ್ಟಿದ್ದ. ಪಕ್ಕೆಲುಬಿನ ಒಳಮೈಗೆ ಅಂಟಿಕೊಂಡಿರುವ ತೆಳ್ಳನೆಯ ಪೊರೆಯನ್ನು ಸುಲಿಯಬೇಕೆಂಬುದೂ ಅವನಿಗೆ ತಿಳಿದಿರಲಿಲ್ಲ. ಹೊರಗೆ ಬಂದದ್ದನ್ನು ತಟ್ಟೆಗೆ ಹಾಕಿದರೆ ಠಣ್ ಎಂದಿತು. ಅಂಗಳದ ನಾಯಿ ಮೂಸಿ ನೋಡಿ, ಇದೇನೆಂದು ಕೇಳುವಂತೆ ನನ್ನ ಮುಖ ನೋಡಿತು. "ಇರಲಿ ಬಿಡೋ ತಮ್ಮಾ, ಎಲ್ಲಾರಿಗೂ ಎಲ್ಲಾ ಬರೂದಿಲ್ಲ" ಎಂದು ಅವನ ಬೆನ್ನು ಚಪ್ಪರಿಸಿದೆ. ನನ್ನ ದನಿಯಲ್ಲಿ ಅಷ್ಟೊಂದು ಕರುಣೆ ಇರುವುದನ್ನು ಕೇಳಿ ನನ್ನ ಹೆಂಡತಿಯೇ ಬೆಚ್ಚಿದಳು. ಅವತ್ತು ಸಾರಿನಲ್ಲಿ ನೆನೆಸಿ ಎರಡು ರೊಟ್ಟಿ ಹೆಚ್ಚಿಗೆ ಉಂಡೆ.

ಆದರೆ ಅವನು ದ್ರಾಕ್ಷಿ ಶೆಡ್ಡಿನ ಮನುಷ್ಯ, ಸೋಲು ಅವನಿಗೆ ಬಂದು ಹೋಗುವ ಹವಾಮಾನ ಅಷ್ಟೇ. ಮುಂದಿನ ವಾರ ಗೋಣಿಚೀಲ ಹೊಲಿಯುವ ದಬ್ಬಣ ತಂದು, ಪೊರೆಯ ಅಂಚಿಗೆ ಚುಚ್ಚಿ ಎಬ್ಬಿಸಿ, ಟವೆಲಿನಿಂದ ಹಿಡಿದು ಸರ್ರನೆ ಸುಲಿದ. ತಿಕೋಟಾದ ಒಣದ್ರಾಕ್ಷಿ ನೆನೆಸಿ ರುಬ್ಬಿ, ಅದಕ್ಕೆ ಹುಣಸೆಹುಳಿ, ಬೆಲ್ಲ, ಬ್ಯಾಡಗಿ ಖಾರ, ಬೆಳ್ಳುಳ್ಳಿ ಕೂಡಿಸಿ ಕುದಿಸಿದ. ಮಾಂಸವನ್ನು ಅಲ್ಯೂಮಿನಿಯಂ ಹಾಳೆಯಲ್ಲಿ ಬಿಗಿಯಾಗಿ ಸುತ್ತಿ ಸಣ್ಣ ಕಾವಿನಲ್ಲಿಟ್ಟು, ದ್ರಾಕ್ಷಿಯ ಕ್ರೇಟು ಬೋರಲು ಹಾಕಿಕೊಂಡು ಓವನ್ನಿನ ಮುಂದೆ ಕುಳಿತ. ಯಾರಾದರೂ ಹತ್ತಿರ ಹೋದರೆ, "ಬಾಗಲಾ ತಗೀಬ್ಯಾಡ್ರಿ! ಈಗ ಮೆತ್ತಗಾಗಾಕತ್ತೈತಿ" ಎಂದು ಪಿಸುಗುಟ್ಟುವನು. ಮಾಂಸಕ್ಕೆ ನಿದ್ದೆ ಹತ್ತಿದೆಯೇ, ಪಿಸುಗುಟ್ಟುವುದಕ್ಕೆ?

ಅರ್ಧಕ್ಕೆ ಕರೆಂಟು ಹೋಯಿತು. ನಾನು ಒಳಗೊಳಗೇ ವಿದ್ಯುತ್ ಇಲಾಖೆಗೆ ಕೈ ಮುಗಿದೆ. ಆದರೆ ಈ ಆಸಾಮಿ ಏನು ಮಾಡಿದ ಗೊತ್ತೇ? ಪ್ಲಗ್ಗು ಕಿತ್ತು, ಒಳಗೆ ಓಡಿ, ಅತ್ತೆ ಹಳೇ ಸೀರೆಗಳ ತುಂಡು ಜೋಡಿಸಿ ಹೊಲಿದಿದ್ದ ಕೌದಿಯನ್ನು ತಂದು ಇಡೀ ಓವನ್ನಿಗೆ ಹೊದಿಸಿಬಿಟ್ಟ!

"ಯಪ್ಪಾ, ನನ್ನ ಕೌದಿ ಸುಡಾಕತ್ತೀಯಲ್ಲೋ!" ಎಂದು ಅತ್ತೆ ಚೀರಿದರು.

"ಕಾವು ಹೊರಗ ಹೋಗಬಾರದ್ರಿ ಅತ್ತಿ. ನಿಮಗೂ ಚಳಿ ಬಂದ್ರ ಇದನ್ನ ಹೊಚ್ಚಕೋತೀರಲ್ರಿ?"

ಕೌದಿಯ ಒಂದು ಮೂಲೆ ಕಂದಿತು, ನಿಜ. ಆದರೆ ಒಂದು ತಾಸಿನ ಮೇಲೆ ಕರೆಂಟು ಬಂದು, ಹಾಳೆ ಬಿಚ್ಚಿ, ದ್ರಾಕ್ಷಿಯ ರಸ ಬಳಿದು, ಮೇಲಿನ ಉರಿಯಲ್ಲಿ ಹತ್ತು ನಿಮಿಷ ಕೆಂಪಾಗಿಸಿ ತೆಗೆದಾಗ ಬಂದ ವಾಸನೆಯಿದೆಯಲ್ಲ, ವೈರಿಯ ಬಾಯಲ್ಲೂ ನೀರೂರಬೇಕು. ವೈರಿಯೇ ಹೇಳುತ್ತಿದ್ದೇನೆ, ನಂಬಿ. ಅತ್ತೆ ಒಂದು ಎಲುಬು ಎಳೆದರು, ಅದು ಬರಿದಾಗಿ ಕೈಗೆ ಬಂತು. "ಅಯ್ಯ, ಬೆಣ್ಣಿ ಆಗೈತೋ ನನ್ನಪ್ಪಾ! ಇನ್ ಮ್ಯಾಲೆ ಐತವಾರಕ್ಕ ಮಟನ್ ಬ್ಯಾಡ, ಇದ ಆಗಲಿ" ಎಂದು ತೀರ್ಪು ಕೊಟ್ಟರು. ಹನ್ನೆರಡು ವರ್ಷದ ನಳ್ಳಿಯ ಪಟ್ಟ ಒಂದೇ ಮಾತಿಗೆ ಹೋಯಿತು.

ಅವನು ಮೊದಲ ತಟ್ಟೆಯನ್ನು ನನ್ನ ಮುಂದೆಯೇ ಇಟ್ಟಿದ್ದ. "ಅಣ್ಣಾರ, ನೀವು ಮೊದಲ ತಿನ್ರಿ."

"ನನಗ ಪಿತ್ತ ಆಗೈತಿ. ಮೊಸರನ್ನ ಸಾಕು" ಎಂದೆ.

ಪಿತ್ತ! ಹಂದಿಮಾಂಸ ಅಂದರೆ ನನಗೆ ಪಂಚಪ್ರಾಣ. ಆದರೆ ಅವನ ಕೈಯಡುಗೆ ತಿಂದು, ಚಲೋ ಆಗಿದೆ ಎಂದು ಈ ಬಾಯಿಂದಲೇ ಹೇಳಬೇಕೇ? ಸತ್ತರೂ ಇಲ್ಲ. ಅಲ್ಲಿಂದ ಏಳೆಂಟು ಭಾನುವಾರ ಇದೇ ನಾಟಕ. ಅವನು ತಟ್ಟೆ ತಂದಿಡುವುದು, ನಾನು ಪಿತ್ತ ಅನ್ನುವುದು, ಅವನ ಮುಖ ಸಪ್ಪಗಾಗುವುದು. ಆಮೇಲೆ ಥರ್ಮಾಮೀಟರನ್ನು ಮಾಂಸಕ್ಕೆ ಚುಚ್ಚಿ, "ಇನ್ನೂ ಮೆತ್ತಗಾಗಬೇಕ್ರಿ" ಎಂದು ತನ್ನಷ್ಟಕ್ಕೆ ಗೊಣಗುವುದು. ಬಾಯಿಗಿಟ್ಟರೆ ಕರಗುತ್ತಿದೆ ಎಂದು ಮನೆಯವರೆಲ್ಲ ಬೆರಳು ಚೀಪುತ್ತಿದ್ದರೂ ಇವನಿಗೆ ತೃಪ್ತಿಯಿಲ್ಲ! ಎರಡು ತಾಸು ಇದ್ದದ್ದು ಮೂರಾಯಿತು, ಮೂರು ಇದ್ದದ್ದು ನಾಲ್ಕಾಯಿತು. ಇವನಿಗೆ ಹೊಗಳಿಕೆಯ ಹಸಿವು ಎಷ್ಟಿದೆ ನೋಡು ಎಂದು ನಾನು ಮೊಸರನ್ನವನ್ನು ಹಿಚುಕುತ್ತ ಕೂರುತ್ತಿದ್ದೆ.

ಬಸ್ಸಿನಲ್ಲಿ ಮರಳುವಾಗ ನನ್ನ ಹೆಂಡತಿ ಬೇರೆ! "ಏನ್ರಿ, ಒಂದ ತುಂಡಾರೆ ತಿನ್ನಬೇಕಿತ್ತು ನೀವು. ಹಲ್ಲ ಬೇಕಾಗೂದಿಲ್ಲ ನೋಡ್ರಿ ಅದಕ್ಕ!" ನಾನು ಕಿಟಕಿಯ ಕಡೆ ತಿರುಗಿ, ದಾರಿಯ ದ್ರಾಕ್ಷಿ ತೋಟಗಳನ್ನೆಲ್ಲ ಮನಸ್ಸಿನಲ್ಲೇ ಬೈಯುತ್ತ ಬಂದೆ.

ಕೊನೆಗೆ ಹೋಗುವುದನ್ನೇ ಬಿಟ್ಟೆ. ಒಂದು ವಾರ ತಲೆನೋವು, ಇನ್ನೊಂದು ವಾರ ಪರೀಕ್ಷೆಯ ಪೇಪರು. ಮೂರನೆಯ ಭಾನುವಾರ ಹೆಂಡತಿ ಒಬ್ಬಳೇ ತಿಕೋಟಾಕ್ಕೆ ಹೋದಳು. ಮಧ್ಯಾಹ್ನ ನಾನೊಬ್ಬನೇ ಮನೆಯಲ್ಲಿ ಹಾಲಿನಲ್ಲಿ ರೊಟ್ಟಿ ನೆನೆಸಿಕೊಂಡು ಕೂತಿದ್ದೆ. ಅವರೆಲ್ಲ ಈಗ ಎಲುಬು ಎಳೆಯುತ್ತಿರುತ್ತಾರೆ, ನನ್ನನ್ನು ಯಾರು ನೆನೆಸುತ್ತಾರೆ ಎಂದುಕೊಂಡಾಗ ಅಳುವೇ ಬಂದಂತಾಯಿತು. ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ತೆಗೆದರೆ ನಮ್ಮ ಷಡ್ಡಕ! ಕೂಸನ್ನು ಎತ್ತಿಕೊಂಡಂತೆ ಎದೆಗೆ ಒಂದು ಗಂಟು ಅವಚಿಕೊಂಡಿದ್ದ. ಗಂಟಿನ ಮೂಲೆ ಕಂದಿತ್ತು. ಅತ್ತೆಯ ಕೌದಿ.

"ಮಂದಿ ಉಣ್ಣೂದ ಬಿಟ್ಟ ಇಲ್ಲಿಗ್ಯಾಕ ಬಂದೀಯೋ?"

"ಬಸ್ಸಿನ್ಯಾಗ ಆರಬಾರದಂತ ಕೌದ್ಯಾಗ ಸುತ್ಕೊಂಡ ಬಂದೇನ್ರಿ. ಇವತ್ತ ಐದ ತಾಸ ಇಟ್ಟಿದ್ದೆ."

"ನನಗ ಪಿತ್ತ ಅಂತ ಎಷ್ಟ ಸಲ..."

ಅವನು ಜೇಬಿಗೆ ಕೈ ಹಾಕಿದ. ಥರ್ಮಾಮೀಟರ್ ಬರುತ್ತದೆ ಅಂದುಕೊಂಡೆ. ಬಂದದ್ದು ಕರ್ಚೀಫು. ಒಗೆದು, ಇಸ್ತ್ರಿ ಮಾಡಿ, ನಾಲ್ಕು ಮಡಿಕೆ ಮಡಚಿದ್ದ. ಮೂಲೆಯಲ್ಲಿ ನೀಲಿ ದಾರದ ಹೂವು.

"ನಿಮ್ಮ ದಸ್ತಿ ನಮ್ಮ ಕಿಡಕ್ಯಾಗ ಉಳದಿತ್ರಿ ಅಣ್ಣಾರ. ಹೆಂಗ ಕೊಡೂದಂತ ತಿಳೀಲಿಲ್ಲ."

ಕರ್ಚೀಫನ್ನು ಕಸಿದುಕೊಂಡು ಮುಷ್ಟಿಯಲ್ಲಿ ಮುಚ್ಚಿದೆ. "ಯಾರಿಗಿ ಹೇಳೀದಿ?"

"ಯಾರಿಗೂ ಇಲ್ರಿ. ನಮ್ಮಾಕಿಗೂ ಹೇಳಿಲ್ಲ." ಅವನು ಗಂಟು ಬಿಚ್ಚಿ, ಸ್ಟೀಲಿನ ಡಬ್ಬಿಯನ್ನು ನನ್ನ ಮುಂದೆ ಸರಿಸಿದ. ಆಮೇಲೆ ಹೊಸ್ತಿಲ ಹತ್ತಿರ ಹೋಗಿ, ನನಗೆ ಬೆನ್ನು ಮಾಡಿ, ಬೀದಿಯ ಕಡೆ ಮುಖ ಹಾಕಿಕೊಂಡು ಕುಳಿತ. "ನಾ ಈ ಕಡೆ ನೋಡ್ತಿರ್ತೀನಿ. ನೀವು ಸಾವಕಾಶ ತಿನ್ರಿ."

ಡಬ್ಬಿಯ ಮುಚ್ಚಳ ತೆಗೆದೆ. "ಅಲ್ಲೋ ತಮ್ಮಾ, ನನ್ನ ಸಲುವಾಗಿ ಇಷ್ಟೆಲ್ಲಾ ಯಾಕ? ಖೈಮಾ ಮಾಡಿದ್ರ ಆಗ್ತಿತ್ತಲ್ಲೋ?"

"ಖೈಮಾದಾಗ ಎಲಬ ಎಲ್ಲೈತ್ರಿ?" ಅವನು ತಿರುಗಲಿಲ್ಲ. "ನಾಕ ಮಂದ್ಯಾಗ ಕುಂತಾಗ ನಿಮ್ಮ ಕೈಯಾಗ ಎಲಬ ಇರಬೇಕ್ರಿ ಅಣ್ಣಾರ. ಹಲ್ಲ ಹಚ್ಚದ ತಿನ್ನೂವಂಥಾ ಎಲಬ ಹುಡಕಾಕ ಇಷ್ಟ ದಿನಾ ಹಿಡೀತು."

ಒಂದು ತುಂಡು ತೆಗೆದುಕೊಂಡೆ. ಎಳೆಯಬೇಕಾಗಲೇ ಇಲ್ಲ, ಎಲುಬು ತಾನಾಗಿ ಕೈಗೆ ಬಂತು. ದ್ರಾಕ್ಷಿಯ ಸಿಹಿ, ಹುಣಸೆಯ ಹುಳಿ, ಹಿಂದಿನಿಂದ ಸಾವಕಾಶವಾಗಿ ಏರುವ ಖಾರ. ನಾಲಿಗೆಯಿಂದಲೇ ತಿಂದೆ. ಕಣ್ಣಲ್ಲಿ ನೀರು ಬಂದದ್ದು ಖಾರಕ್ಕೆ ಎಂದು ಬರೆಯಬಹುದಿತ್ತು, ಆದರೆ ಖಾರ ಹದವಾಗಿತ್ತು.

ಬೆನ್ನು ತಿರುಗಿಸಿಕೊಂಡೇ ಅವನು ಗಾಬರಿಯಿಂದ ಕೇಳಿದ. "ಗಟ್ಟಿ ಆಗೈತೇನ್ರಿ? ಮುಂದಿನ ವಾರ ಇನ್ನೊಂದ ತಾಸ ಹೆಚ್ಚಿಗಿ ಇಡ್ತೀನ್ರಿ."

"ಬ್ಯಾಡೋ, ಚಲೋ ಆಗೈತಿ" ಎಂದೆ. "ಭಾಳ ಚಲೋ ಆಗೈತಿ."

ಹೊಟ್ಟೆಕಿಚ್ಚು ಹೋಯಿತೇ ಎಂದು ಕೇಳಬೇಡಿ. ಇನ್ನೂ ಹೆಚ್ಚಾಯಿತು. ಅಡುಗೆಯನ್ನಾದರೆ ಕಲಿಯಬಹುದು. ಇನ್ನೊಬ್ಬರ ತಟ್ಟೆಯಲ್ಲಿ ಏನು ಉಳಿಯಿತೆಂದು ನೋಡುವ ಕಣ್ಣನ್ನು ಎಲ್ಲಿಂದ ತರಲಿ? ಹನ್ನೆರಡು ವರ್ಷ ಅವನ ಪಕ್ಕದಲ್ಲೇ ಕುಳಿತು ಉಂಡಿದ್ದೇನೆ. ಅವನ ತಟ್ಟೆಯನ್ನು ಒಂದು ದಿನವೂ ನೋಡಿದವನಲ್ಲ. ನಾಚಿಕೆಯಾಗಿ, ಆ ಬೆನ್ನನ್ನೇ ಕೇಳಿದೆ:

"ತಮ್ಮಾ, ನಿನಗ ಯಾವುದು ಸೇರ್ತೈತೋ? ಯಾವ ತುಂಡು?"

ಅವನು ತಪ್ಪು ಮಾಡಿದ ಹುಡುಗನ ಹಾಗೆ ತಲೆ ಕೆರೆದುಕೊಂಡು ಮೆಲ್ಲಗೆ ಹೇಳಿದ.

"ನನಗ್ರೀ? ಮೊದಲಿಂದಾನೂ ನಳ್ಳಿ, ಅಣ್ಣಾರ."