ದೇವರ ಮನೆಗೆ ದಿಂಡಿಗಲ್ ಬೀಗ

ನಮ್ಮ ಸೋದರಮಾವ ದೇವರನ್ನೇ ಕೂಡಿಹಾಕಿದ ಮನುಷ್ಯ ಎಂದರೆ ನೀವು ನಂಬುವುದಿಲ್ಲ. ತಮಿಳುನಾಡಿನ ನಮ್ಮೂರು ಬೋಡಿಯಲ್ಲಿ ಯಾರನ್ನಾದರೂ ಕೇಳಿ ನೋಡಿ! ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಏಲಕ್ಕಿ ವ್ಯಾಪಾರ ಮಾಡಿಕೊಂಡು ತೆಪ್ಪಗಿದ್ದವರು ಇದ್ದಕ್ಕಿದ್ದಂತೆ ದೇವರ ಮನೆಯನ್ನು ಪ್ರಯೋಗಶಾಲೆ ಮಾಡಿಬಿಟ್ಟರು. ಸ್ನಾನ ಮಾಡದೆ ಯಾರೂ ಕಾಲಿಡದ ಕೋಣೆ ಇನ್ನೆಲ್ಲಿ ಸಿಗಬೇಕು, ಹೇಳಿ?

ಕಾರಣ ಅತ್ತೆಯ ತವರು. ಓಡೈಪಟ್ಟಿಯಲ್ಲಿ ಅವರಪ್ಪ ಕೈಯಾರೆ ನೆಟ್ಟಿದ್ದ ಪನ್ನೀರು ದ್ರಾಕ್ಷಿಗೆ ರೋಗ ಹತ್ತಿತ್ತು. ಅಪ್ಪನೂ ಇಲ್ಲ, ಇನ್ನು ಬಳ್ಳಿಯೂ ಇಲ್ಲ ಎಂದು ಅತ್ತೆ ಊಟ ಬಿಟ್ಟಿದ್ದರು. ಕಡ್ಡಿ ನೆಟ್ಟರೆ ರೋಗವೂ ಜೊತೆಗೇ ಬರುತ್ತದೆ. ಕುಡಿಯ ತುದಿಯನ್ನಷ್ಟೇ ಸಾಸಿವೆಗಿಂತ ಸಣ್ಣಗೆ ಕತ್ತರಿಸಿ ಬಾಟಲಿಯಲ್ಲಿ ಬೆಳೆಸಿದರೆ ರೋಗ ಬಾರದು ಎಂದು ಮಾವ ಎಲ್ಲೋ ಓದಿದರು. ಸರಿ, ಬಾಟಲಿ ಬೇಯಿಸಲು ಅತ್ತೆಯ ಕುಕ್ಕರ್ ಹೋಯಿತು. ಗಾಳಿಯ ಧೂಳು ತಾಗದಂತೆ ಒಳಗೆ ಕೈಯಿಟ್ಟು ಕುಡಿ ಕತ್ತರಿಸಲು ಮೀನಿನ ಗಾಜಿನ ತೊಟ್ಟಿ ಅಡ್ಡ ಮಲಗಿತು. ಬಾಟಲಿಯ ಕುಡಿಗೆ ಆಹಾರವೆಂದು ಚೈನಾ ಗ್ರಾಸ್ ಎಂಬ ಕಡಲಪಾಚಿಯ ಅಂಟು, ಸಕ್ಕರೆ ಹಾಕಿ ಕಾಯಿಸಿಟ್ಟದ್ದನ್ನು ನೆಂಟರೊಬ್ಬರು ಪೂರಾ ತಿಂದು, "ಪಾಯಸ ಚೆಂದಾಗೈತೆ, ಸಕ್ಕರೆ ವಸಿ ಕಮ್ಮಿ" ಎಂದರು!

"ಒಳಗೆ ಯಾರೂ ಉಸ್ರು ಬುಡಬ್ಯಾಡಿ! ಬೂಷ್ಟು ಹಿಡೀತದೆ!" ಎಂದು ಮಾವ ಕೂಗಾಡಿ, ತೆಂಗಿನಕಾಯಿ ಗಾತ್ರದ ದಿಂಡಿಗಲ್ ಬೀಗ ಜಡಿದು, ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡರು. ಅತ್ತೆ ಕಿಟಕಿಯಿಂದಲೇ ಮಂಗಳಾರತಿ ಎತ್ತಬೇಕಾಯಿತು.

ಅಷ್ಟರಲ್ಲಿ ಓಡೈಪಟ್ಟಿಯವರು ಬಳ್ಳಿಯನ್ನು ಬುಡಸಮೇತ ಕಿತ್ತರು. ಉಳಿದದ್ದು ಬಾಟಲಿಯಲ್ಲಿದ್ದಷ್ಟೇ.

ಒಂದು ಶನಿವಾರ ಮಾವ ಕೀಲಿ ಬಿಚ್ಚಿಟ್ಟು ಎಣ್ಣೆಸ್ನಾನಕ್ಕೆ ಕೂತರು. ಅತ್ತೆ ಆ ಕೀಲಿಯಿಂದ ಬೀಗ ತೆಗೆದು ಒಳಗೆ ಹೋದರು. ಅಪ್ಪನ ಬಳ್ಳಿ ಚೆನ್ನಾಗಿ ಬರಲಿ ಎಂದು ಒಂದೊಂದೇ ಮುಚ್ಚಳ ತೆಗೆದು, ಚಿಟಿಕೆ ಚಿಟಿಕೆ ತಿರುನೀರು, ಅದೇ ವಿಭೂತಿ, ಹಾಕಿ, ಕೈಮುಗಿದು ಬಂದರು!

ವಾರದೊಳಗೆ ಎಲ್ಲ ಬಾಟಲಿಗೂ ಬೂಷ್ಟು.

"ಅಯ್ಯೋ ಮುರುಗಾ, ನಮ್ಮಪ್ಪನ ಬಳ್ಳೀನ ನಾನೇ ಸಾಯಿಸ್ಬುಟ್ನಲ್ಲಾ!" ಅತ್ತೆ ನೆಲದ ಮೇಲೇ ಕುಸಿದರು. ಬಾಗಿಲಲ್ಲಿದ್ದ ನನಗೂ ಅಳು ಬಂತು. ಹಾಲು ಉಕ್ಕಿದರೂ ಕೂಗಾಡುವ ಮಾವ ಅಂದು ಕೂಗಲಿಲ್ಲ. ಮುರುಗನ ಪಟದ ಹಿಂದೆ ಕೈಹಾಕಿ ಒಂದು ಬಾಟಲಿ ತೆಗೆದರು. ದೇವರೇ ಇಲ್ಲವೆಂದು ಟೀ ಅಂಗಡಿಯಲ್ಲಿ ವಾದ ಮಾಡುವ ಮನುಷ್ಯ, ಒಂದನ್ನು ಅಲ್ಲಿ ಬಚ್ಚಿಟ್ಟಿದ್ದರು ನೋಡಿ! ಒಳಗೆ ಪುಟ್ಟ ಪುಟ್ಟ ಎರಡು ಹಸಿರೆಲೆ.

ಅತ್ತೆ ಸೆರಗಿನಿಂದ ಬಾಯಿ ಮೂಗು ಒತ್ತಿ ಹಿಡಿದುಕೊಂಡು ಹತ್ತಿರ ಬಂದರು. ಮುಖವೆಲ್ಲ ಕೆಂಪಾಯಿತು.

"ಏ ಪುಳ್ಳೇ, ಉಸ್ರು ಬುಡು. ಮುಚ್ಚಳ ಬಿಗಿಯಾಗೈತೆ" ಎಂದರು ಮಾವ. ಮುದ್ದು ಬಂದರೆ ಅತ್ತೆ ಅವರಿಗೆ ಪುಳ್ಳೆ.

ಅತ್ತೆ ಬೇಡವೆಂದು ತಲೆಯಾಡಿಸಿದರು. ಮಾವ ಅವರನ್ನೇ ಒಂದು ಗಳಿಗೆ ನೋಡಿ, ತಾವೂ ಮೂಗು ಹಿಡಿದುಕೊಂಡು ಪಕ್ಕದಲ್ಲಿ ನಿಂತರು.